ಕೈಯೆತ್ತದವಳು

ಬ್ರಷ್ ಕಲ್ಲಿಗೆ ತಗಲಿತು. ಸಿಂಧೂರ ಕಣ್ಣಾರೆ ಕಂಡಳು.

ಡಚ್ಚರ ರಾಷ್ಟ್ರೀಯ ಕರ್ಲಿಂಗ್ ಪಂದ್ಯಾವಳಿ, ಮಹಿಳೆಯರ ಫೈನಲ್. ತನ್ನ ತಂಡದ ನಾಯಕಿಯಾದ ಅವಳು ಕಲ್ಲು ಬಂದು ನಿಲ್ಲಬೇಕಾದ ವೃತ್ತದ ಹಿಂದೆಯೇ ನಿಂತಿದ್ದಳು. ಎದುರು ತಂಡದ ಕೊನೆಯ ಕಲ್ಲು ಐಸಿನ ಮೇಲೆ ಜಾರಿ ಬರುತ್ತಿತ್ತು. ಅದು ಸರಾಗವಾಗಿ ಜಾರಲೆಂದು ಅದರ ಮುಂದೆ ಬಾಗಿ ತನುಶ್ರೀ ಬ್ರಷ್‌ನಿಂದ ದಾರಿ ಉಜ್ಜುತ್ತಿದ್ದಳು. ಉಜ್ಜುತ್ತಾ ಉಜ್ಜುತ್ತಾ ಬ್ರಷ್ ಹಿಂದೆ ಸರಿದು ಕಲ್ಲಿಗೆ ತಾಕಿತು. ಹಾಗೆ ತಾಕಿದ ಕಲ್ಲನ್ನು ತೆಗೆದುಬಿಡಬೇಕು. ಆದರೆ ತಾಕಿಸಿದವರೇ ಕೈಯೆತ್ತಿ ಒಪ್ಪಿಕೊಳ್ಳುವುದು ಈ ಆಟದ ಮರ್ಯಾದೆ. ಎದುರಾಳಿ ಬೆರಳು ತೋರಿಸುವುದಿಲ್ಲ.

ತನುಶ್ರೀ ಕೈಯೆತ್ತಲಿಲ್ಲ. ಕಲ್ಲು ವೃತ್ತದ ನಡುವೆ ನಿಂತಿತು. ಸಿಂಧೂರಳ ತಂಡ ಸೋತಿತು.

ಸೋಲು ಹಾಳಾಗಿ ಹೋಗಲಿ. ಡೀಮೆನ್ ಎಂಬ ಡಚ್ ಊರಿನ ಒಂದೇ ಕೋಣೆಯಲ್ಲಿ, ಒಂದೇ ಪಾತ್ರೆಯ ಅನ್ನ ಉಂಡವರು ಅವಳೂ ತನುಶ್ರೀಯೂ. ಬೆಂಗಳೂರಿನಿಂದ ಓದಲು ಬಂದು, ಬೇಸರ ಕಳೆಯಲೆಂದು ಕೂಡಿಯೇ ಈ ಆಟ ಕಲಿತವರು. “ಮನೇಲಿ ಕಸ ಗುಡಿಸದವಳು ಐಸ್ ಗುಡಿಸ್ತಾಳಂತೆ,” ಎಂದು ಸಿಂಧೂರಳ ಅಮ್ಮ ಫೋನಿನಲ್ಲಿ ನಕ್ಕಿದ್ದರು. ಅಂಥ ಗೆಳತಿ ಒಂದು ಕಪ್ಪಿಗಾಗಿ ಕಳ್ಳಿಯಾದಳಲ್ಲ!

ಯೋಚಿಸಿದರೆ, ತನುಶ್ರೀ ಬದಲಾಗಿ ತಿಂಗಳುಗಳೇ ಆಗಿದ್ದವು. ಮೆಸೇಜ್ ಹಾಕಿದರೆ ಬರೆದು ಉತ್ತರಿಸುತ್ತಿರಲಿಲ್ಲ, ದೊಡ್ಡ ಮನುಷ್ಯರಂತೆ ಎರಡು ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ಊಟಕ್ಕೆ ಕರೆದರೆ ಏನಾದರೊಂದು ನೆಪ. ಇವತ್ತು ಬೆಳಿಗ್ಗೆ ಮಾತ್ರ “ಬೆರಳೆಲ್ಲ ಮರಗಟ್ಟಿವೆ ಕಣೆ, ಸ್ವಲ್ಪ ಲೇಸ್ ಕಟ್ಟು” ಎಂದು ಕಾಲು ಚಾಚಿದ್ದಳು. ಎದುರಾಳಿಯ ಲೇಸನ್ನು ಮಂಡಿಯೂರಿ ಕಟ್ಟಿದ ತನ್ನ ಪೆದ್ದುತನ ನೆನೆದು ಸಿಂಧೂರಳಿಗೆ ಮೈ ಉರಿಯಿತು.

ಗೆದ್ದವರು ಸೋತವರಿಗೆ ಕುಡಿಯಲು ಕೊಡಿಸುವುದು ಇಲ್ಲಿನ ಪದ್ಧತಿ. ಪುದೀನ ಚಹಾದ ಎರಡು ಗಾಜಿನ ಲೋಟ ಹಿಡಿದು ತನುಶ್ರೀ ಕ್ಯಾಂಟೀನಿನ ಮೂಲೆಗೆ ಬಂದಳು.

“ತಗೋ. ನಿನ್ನ ಮುಖ ನೋಡೋಕಾಗ್ತಿಲ್ಲ.”

ಸಿಂಧೂರ ಕೈ ಚಾಚಲಿಲ್ಲ. “ಕಲ್ಲಿಗೆ ಬ್ರಷ್ ತಗಲಿತ್ತು, ತನು.”

ತನುಶ್ರೀಯ ಮುಖ ಬಿಳುಚಿತು. “ತಗಲಿತ್ತಾ?”

“ನಾಟಕ ಆಡ್ಬೇಡ. ತಗಲಿದ್ರೆ ಹಿಡಿದ ಕೈಗೆ ಗೊತ್ತಾಗುತ್ತೆ. ನಾನೂ ಆಡಿದೀನಿ.”

“ಅಯ್ಯೋ, ನಿಜವಾಗ್ಲೂ...” ಅವಳು ಲೋಟಗಳನ್ನು ಹಿಡಿದೇ ನಿಂತಿದ್ದಳು. “ಈಗ್ಲೇ ಹೋಗಿ ಹೇಳ್ತೀನಿ. ಕಪ್ ನಿಮ್ದೇ.”

“ನಿನ್ನ ಭಿಕ್ಷೆ ಬೇಡ. ಇನ್ನು ಫೋನ್ ಮಾಡ್ಬೇಡ. ನನ್ನ ಪಾಲಿಗೆ ನೀನು ಸತ್ತೆ.”

ಕನ್ನಡ ಬಾರದ ಡಚ್ಚರಿಗೂ ಆ ಮಾತು ತಿಳಿದಂತಿತ್ತು, ಪಕ್ಕದ ಮೇಜಿನವರು ತಿರುಗಿ ನೋಡಿದರು. ತನುಶ್ರೀಯ ಕಣ್ಣು ತುಂಬಿತು. ಒಂದು ಲೋಟವನ್ನು ಮುಂದೆ ನೀಡಿದಳು. ತೊಲಗಿದರೆ ಸಾಕೆಂದು ಸಿಂಧೂರ ಅದನ್ನು ಕಸಿದುಕೊಂಡಳು, ಮರುಕ್ಷಣವೇ ಚೀರಿ ಕೈಬಿಟ್ಟಳು. ಲೋಟ ಕೆಂಡದಂತೆ ಸುಡುತ್ತಿತ್ತು. ಗಾಜು ನೆಲಕ್ಕೆ ಬಿದ್ದು ಚೂರಾಯಿತು.

ತನುಶ್ರೀಯ ಬರಿದಾದ ಅಂಗೈ ಸುಟ್ಟು ಕೆಂಪಾಗಿ ಬೊಬ್ಬೆ ಎದ್ದಿತ್ತು. ಇನ್ನೊಂದು ಕೈ ಎರಡನೆಯ ಲೋಟವನ್ನು ಭದ್ರವಾಗಿ ಹಿಡಿದೇ ಇತ್ತು.

“ಅಷ್ಟು ಬಿಸಿ ಇತ್ತೇನೇ?” ಎಂದು ಅವಳು ಮೆಲ್ಲಗೆ ಕೇಳಿದಳು.