ಕಾಗದದ ನಂಬರು

ದರ್ಜಿ ಕೆಲಸ ಬಿಟ್ಟು ನಬಿಸಾಬ ಆರ್‌ಟಿಒ ಕಚೇರಿಯ ಎದುರು ನಂಬರ್ ಪ್ಲೇಟಿನ ಅಂಗಡಿ ಹಾಕಿ ಎರಡು ತಿಂಗಳಾಗಿತ್ತು. ಹೊಸ ಕಾರುಗಳಿಗೆ ಅಂಟಿಸಿದ ತಾತ್ಕಾಲಿಕ ನಂಬರಿನ ಕಾಗದ ಕಿತ್ತು, ಕಾಯಂ ಪ್ಲೇಟು ಕೂರಿಸುತ್ತಿದ್ದ. ಈ ಕೆಲಸವೇ ಯಾಕೆಂದು ಕೇಳಿದವರಿಗೆ, “ಕಾಗದದ ನಂಬರಿನ ಕಾರು ಒಂದಿಲ್ಲೊಂದ್ ದಿನ ಇಲ್ಲಿಗೇ ಬರಬೇಕಲ್ರಿ” ಎನ್ನುತ್ತಿದ್ದ. ಅಂಗಡಿಯ ಮೊಳೆಗೆ, ಮಗಳಿಗೆಂದು ಅವನೇ ಹೊಲಿದ ಪುಟ್ಟ ಶಾಲಾ ಚೀಲವೊಂದು ತೂಗುತ್ತಿತ್ತು.

ಆ ದಿನ ಬಿಳಿ ಕಾರೊಂದು ಬಂತು. ಹಿಂಬದಿಯ ನಂಬರಿನ ಕಾಗದ ಬಿಸಿಲಿಗೆ ಬಣ್ಣಗೆಟ್ಟಿತ್ತು. ಮುಂಬದಿಯದು ನಿನ್ನೆ ಅಂಟಿಸಿದಂತೆ ಹೊಳೆಯುತ್ತಿತ್ತು. ನಬಿಸಾಬನ ಕೈ ನಿಂತಿತು.

“ಮುಂದಿನ ಬಂಪರ್ ಬದಲಿ ಮಾಡಿಸೀರೇನ್ರಿ?”

ಮಾಲೀಕ ಮೊಬೈಲಿನಿಂದ ತಲೆ ಎತ್ತಲಿಲ್ಲ. “ಹೂಂ. ನಾಯಿ ಅಡ್ಡ ಬಂದಿತ್ತು.”

“ಎಲ್ಲಿರಿ?”

“ಹೆಣ್ಮಕ್ಕಳ ಸಾಲಿ ಮುಂದ. ಲಗೂನ ಮುಗಸಪಾ.”

“ಸತ್ತಹೋತೇನ್ರಿ?”

“ಯಾರಿಗೊತ್ತು? ನಾ ಕಾರ್ ನಿಲ್ಲಿಸಲಿಲ್ಲ.”

ನಬಿಸಾಬ ಸ್ಕ್ರೂಡ್ರೈವರ್ ಕೆಳಗಿಟ್ಟ. ಮೊಳೆಯಿಂದ ಚೀಲ ತೆಗೆದು, ಅದರ ಹರಿದ ಪಟ್ಟಿಯನ್ನು ಒಮ್ಮೆ ನೇವರಿಸಿ, ಬಾನೆಟ್ಟಿನ ಮೇಲಿಟ್ಟ.

“ಸಾಹೇಬ್ರ, ಆ ನಾಯಿ ಬೆನ್ನಿಗೆ ಈ ಚೀಲ ಇತ್ತೇನ್ರಿ?”