ಹಳದಿಯಾದ ಪಟ್ಟಿ

ನನ್ನ ಸೊಸೆ ಪ್ರತಿಮಾಳ ಬೆರಳ ಗಾಯಕ್ಕೆ ನಿನ್ನೆ ಸುತ್ತಿದ ಬಿಳಿ ಪಟ್ಟಿ ಬೆಳಗಾಗುವಷ್ಟರಲ್ಲಿ ಹಳದಿಯಾಗಿತ್ತು. ಗಾಯಕ್ಕೆ ಸೋಂಕು ತಗುಲಿದರೆ ಈ ಪಟ್ಟಿ ತಾನೇ ಹಳದಿಯಾಗುತ್ತದೆ. ಈಗ ಯಾವ ಔಷಧಿಗೂ ಸೋಂಕು ಬಗ್ಗುವುದಿಲ್ಲವಾದ್ದರಿಂದ ಸೋಂಕು ತಗುಲಿದವರನ್ನು ನಲವತ್ತು ದಿನ ಮನೆಯಿಂದ ದೂರ ಇಡುತ್ತಾರೆ. ಅವಳ ಕೂಸಿಗಿನ್ನೂ ಒಂದೂವರೆ ತಿಂಗಳು.

ದಿನದಂತೆ ತಪಾಸಣೆಗೆ ನರ್ಸ್ ಫಿಲೋಮಿನಾ ಬಂದಳು. ಬೀದಿಯಲ್ಲಿ ಸೋಂಕಿತರನ್ನು ಒಯ್ಯುವ ವ್ಯಾನ್ ಗುರುಗುಡುತ್ತಿತ್ತು. ನಾನು ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ತಿರುಗುತ್ತಿದ್ದೆ.

“ಪಟ್ಟಿ ಸುತ್ತಿದ್ದು ಯಾರು?”

“ನಾನೇ. ಬಾಣಂತಿಗೆ ಅರಿಶಿನ ಹಚ್ಚಿ ನೀರು ಎರೆದ ಮೇಲೆ.”

ಅವಳು ನನ್ನ ಅಂಗೈ ನೋಡಿದಳು. “ಅಜ್ಜಿ, ಸ್ವಲ್ಪ ಎಲೆಯಡಿಕೆ ತನ್ನಿ.”

ಇಂಥ ಹೊತ್ತಲ್ಲಿ ಇವಳಿಗೆ ಎಲೆಯಡಿಕೆ ಬೇಕೇ ಎಂದುಕೊಳ್ಳುತ್ತಲೇ ತಟ್ಟೆ ತಂದಿಟ್ಟೆ. ಫಿಲೋಮಿನಾ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಪಟ್ಟಿಗೆ ಸವರಿದಳು. ಹಳದಿ ಬಣ್ಣ ಆರತಿ ನೀರಿನಂತೆ ಕೆಂಪಾಯಿತು.

“ಸೋಂಕಿನ ಹಳದಿ ಹೀಗೆ ಕೆಂಪಾಗುದಿಲ್ಲ. ಇದು ನಿಮ್ಮ ಕೈಯ ಅರಿಶಿನ.”

ಹೋಗು ಎಂದು ವ್ಯಾನಿನವನಿಗೆ ಕೈ ಬೀಸಿದಳು. ಗಾಯ ತೊಳೆದಳು. ಹೊಸ ಪಟ್ಟಿ ಸುತ್ತಲು ನಾನು ಕೈ ಚಾಚಿದೆ.

“ನೀವು ಮಗುವನ್ನು ಎತ್ತಿಕೊಳ್ಳಿ ಅಜ್ಜಿ,” ಎಂದು ನಕ್ಕು ತಾನೇ ಸುತ್ತಿದಳು.

ಅವಳು ಹೋದ ಮೇಲೆ ನೋಡಿದರೆ, ತಟ್ಟೆಯಲ್ಲಿ ಎಲೆಯೂ ಅಡಿಕೆಯೂ ಇಟ್ಟ ಹಾಗೇ ಇದ್ದವು.