ಪರಮಣ್ಣನ ಎರಡನೆಯ ಸ್ನಾನ

ಬೆಳಿಗ್ಗೆಯೇ ಸ್ನಾನ ಮುಗಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ ಪರಮಣ್ಣ ಮಟಮಟ ಮಧ್ಯಾಹ್ನ ಮತ್ತೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೊರಟ. ಮೈಗೆ ಬೇಕಾಗಿ ಅಲ್ಲ, ಬಾಳೆಗಿಡಕ್ಕೆ ಬೇಕಾಗಿ. ಅವನ ಹಿತ್ತಲಿನ ಬಗ್ಗೆ ಪತ್ರಿಕೆಗೆ ಬರೆಯಬೇಕೆಂದು ಕಾಲೇಜಿನ ಉಪನ್ಯಾಸಕರು, ವಿರೂಪಣ್ಣ ಅಂತ, ಬಂದು ನಿಂತಿದ್ದರು. ಬಚ್ಚಲ ನೀರು ಕಾಲುವೆಯಲ್ಲಿ ಹರಿದು ಬಾಳೆಯ ಗುಂಡಿ ಸೇರುವುದನ್ನು ಅವರು ಕಣ್ಣಾರೆ ನೋಡಬೇಕಂತೆ. ಯಾರೂ ಮೈಮೇಲೆ ಸುರಿದುಕೊಳ್ಳದೆ ನೀರು ಹರಿಯುವುದು ಹೇಗೆ?

ಬಚ್ಚಲಲ್ಲಿ ಹಂಡೆ ಬರಿದಾಗಿತ್ತು. ಪರಮಣ್ಣ ಅಡುಗೆಮನೆಗೆ ಹೋಗಿ ಕುಡಿಯುವ ನೀರಿನ ತಾಮ್ರದ ಕೊಡಕ್ಕೆ ಕೈ ಹಾಕಿದ.

"ಅದನ್ನ ಮುಟ್ಟಬ್ಯಾಡ್ರಿ," ಹೆಂಡತಿ ಬೂದೆಮ್ಮ ಅಡ್ಡ ಬಂದಳು. "ಮನ್ಯಾಗ ಇರೋದು ಅದೊಂದ ಕೊಡ. ದೇವದುರ್ಗದ ಬಸ್ಸಿಗೆ ಕರೆಮ್ಮ ಬರ್ತಾಳ, ಕೂಸಿನ್ನ ಕಟ್ಟಿಗೊಂಡು. ಮಗಳ ಕಾಲಿಗೆ ನೀರು ಕೊಡಬೇಕು, ಕುಡಿಯಾಕ ಕೊಡಬೇಕು."

"ಬೋರಿಂಗಿಗೆ ಹೋಗಿ ಇನ್ನೊಂದು ತಾ."

"ಬೋರಿಂಗ್ ಮುಂಜಾನಿಂದ ಗಾಳಿ ಉಗುಳಾಕತ್ತದ. ಸಂಜಿತನ ನೀರಿಲ್ಲ."

"ಹಿತ್ತಲದಾಗ ಸಾಹೇಬ್ರು ನಿಂತಾರ. ನನ್ನ ಮಾನ ಕಳೀಬ್ಯಾಡ ನೀನು!" ಪರಮಣ್ಣ ಕೊಡ ಕಸಿದುಕೊಂಡು ಬಚ್ಚಲು ಸೇರಿ ಬಾಗಿಲು ಹಾಕಿಕೊಂಡ.

ಹಿತ್ತಲು ಚೆನ್ನಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಎಂಬತ್ತೈದರ ಆ ಬೇಸಿಗೆಯಲ್ಲಿ ರಾಯಚೂರಿನ ಬೇವಿನ ಮರಗಳೂ ಬಾಡಿ ನಿಂತಿದ್ದವು. ಇಲ್ಲಿ ಮಾತ್ರ ನುಗ್ಗೆಯ ನೆರಳಲ್ಲಿ ಬದನೆ, ಬದನೆಯ ಬುಡದಲ್ಲಿ ಪುಂಡಿಪಲ್ಯ, ನೆಲ ಕಾಣದಂತೆ ಶೇಂಗಾ ಸಿಪ್ಪೆಯ ಹೊದಿಕೆ. ತಾಲೂಕು ಕಚೇರಿಯಿಂದ ನಿವೃತ್ತನಾದ ಮೇಲೆ ಪರಮಣ್ಣ ಒಂದು ತತ್ವ ಹಿಡಿದಿದ್ದ. ಗಿಡಕ್ಕೆ ಒಂದು ಹನಿಯೂ ಹೊಸ ನೀರು ಹಾಕಬಾರದು, ಮನುಷ್ಯರು ಬಳಸಿ ಬಿಟ್ಟ ನೀರೇ ಸಾಕು. ತತ್ವವೇನೋ ಒಳ್ಳೆಯದೇ. ಆದರೆ ಇಬ್ಬರೇ ಇರುವ ಮನೆಯಲ್ಲಿ ಬಳಸಿ ಬಿಡುವ ನೀರೆಷ್ಟು? ಕಡಿಮೆ ಬಿದ್ದಾಗ ಪರಮಣ್ಣ ತತ್ವ ಬಿಡಲಿಲ್ಲ, ಹೆಂಡತಿಯನ್ನು ಹಿಡಿದ. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆ ಎಂದ, ಒಗೆದ ಧೋತರವನ್ನೇ ಇನ್ನೊಮ್ಮೆ ಒಗೆ ಎಂದ. ಬೂದೆಮ್ಮ ಬೋರಿಂಗಿನಿಂದ ಹೊತ್ತು ತಂದ ಒಳ್ಳೆಯ ನೀರು ಹೀಗೆ ‘ಬಳಸಿದ ನೀರು’ ಎಂಬ ಬಿರುದು ಪಡೆದು ಬದನೆಯ ಬುಡಕ್ಕೆ ಹೋಗುತ್ತಿತ್ತು. ಕೊಡದಿಂದ ನೇರ ಗಿಡಕ್ಕೆ ಸುರಿದಿದ್ದರೆ ಹೆಂಗಸಿನ ರಟ್ಟೆಯಾದರೂ ಉಳಿಯುತ್ತಿತ್ತು. ಆದರೆ ತತ್ವ ಉಳಿಯುತ್ತಿರಲಿಲ್ಲವಲ್ಲ! ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಮನೆಯಲ್ಲಿ ಕೆಸರಾಗುವ ಕೈ ಒಬ್ಬರದು, ಮೊಸರಿನ ಬಾಯಿ ಇನ್ನೊಬ್ಬರದು.

"ಬಂತ್ರಿ, ಬಂತು!" ಹಿತ್ತಲಲ್ಲಿ ಉಪನ್ಯಾಸಕರು ಕೂಗಿದರು. ಕಾಲುವೆಯಲ್ಲಿ ಸೋಪಿನ ನೊರೆ ಬಾಳೆಯ ಕಡೆಗೆ ಹೊರಟಿತ್ತು. ಅವರು ಅದರ ಜೊತೆಜೊತೆಗೆ ಬಗ್ಗಿಕೊಂಡೇ ನಡೆದರು.

ಅದೇ ಹೊತ್ತಿಗೆ ತಲೆಬಾಗಿಲಲ್ಲಿ ಕರೆಮ್ಮನ ದನಿ ಕೇಳಿತು. "ಯವ್ವಾ, ಕಾಲಿಗೆ ನೀರು ತಾಬೇ. ಕೂಸು ಬಿಸಿಲಿಗೆ ಸೋತು ಹೋಗ್ಯಾದ."

ಬಸ್ಸಿಳಿದು ಬಂದವರು, ಅದರಲ್ಲೂ ಎಳೆಕೂಸಿನ ತಾಯಿ, ಕಾಲು ತೊಳೆಯದೆ ಹೊಸ್ತಿಲು ದಾಟುವ ಪದ್ಧತಿಯಿಲ್ಲ. ಕರೆಮ್ಮ ಸೆರಗನ್ನು ಕೂಸಿನ ಮುಖಕ್ಕೆ ಮರೆಮಾಡಿಕೊಂಡು ಕಾದ ಕಲ್ಲಿನ ಮೇಲೆ ಕಾಲು ಬದಲಿಸುತ್ತ ನಿಂತಿದ್ದಳು. ಬೂದೆಮ್ಮ ಖಾಲಿ ಚಂಬು ಹಿಡಿದು ಬಚ್ಚಲಿಗೆ ಓಡಿದಳು.

"ಏನ್ರೀ, ಮಗಳು ಬಂದಾಳ. ಒಂದು ಚಂಬಾದರ ಉಳಸ್ರೀ!"

ಒಳಗಿಂದ ಕೊಡ ಬೋರಲು ಮಾಡಿ ಸುರಿದುಕೊಂಡ ಸಪ್ಪಳ ಬಂತು. "ಆಗ್ಲೇ ಮುಗೀತಲ್ಲ. ಹಂಗ ಒಳಗ ಬರಲಿ ಬಿಡು. ಮಗಳೇನು ಬೀಗರಾ?"

ತಲೆ ಒರೆಸಿಕೊಳ್ಳುತ್ತ ಹೊರಬಂದ ಪರಮಣ್ಣನ ಕೈಯನ್ನು ಉಪನ್ಯಾಸಕರು ಹಿಡಿದು ಕುಲುಕಿದರು. "ಒಂದು ಹನಿನೂ ಪೋಲಾಗಲಿಲ್ಲ ನೋಡ್ರಿ!" ಬೂದೆಮ್ಮ ಇಬ್ಬರನ್ನೂ ನೋಡಿದಳು. ಅವಳಿಗೆ ಅಳು ಬರಲಿಲ್ಲ, ಹೇಸಿಕೆ ಬಂತು.

ಎದುರುಮನೆಯ ರಜಿಯಾ ಬೇಗಂ ಬಾಗಿಲಿಗೆ ಬಂದು ನೋಡಿದಳು. "ಬೂದೆಮ್ಮಕ್ಕಾ, ಕೂಸಿನ್ನ ಬಿಸಲಾಗ ಯಾಕ ನಿಂದ್ರಿಸೀರಿ? ಇಲ್ಲಿ ಕರಕೊಂಡು ಬರ್ರಿ." ಬೂದೆಮ್ಮ ಮಗಳ ಕೈಹಿಡಿದು ರಸ್ತೆ ದಾಟಿದಳು. ರಜಿಯಾ ಕೊಟ್ಟ ಗಡಿಗೆಯ ತಣ್ಣೀರನ್ನು ಕರೆಮ್ಮ ಗಟಗಟ ಕುಡಿದಳು. ಕೂಸಿನ ತುಟಿಗೂ ಬೆರಳಿಂದ ಒಂದು ಹನಿ ಮುಟ್ಟಿಸಿದಳು.

ಅತಿಥಿಯನ್ನು ಬೀಳ್ಕೊಡಲು ತಲೆಬಾಗಿಲಿಗೆ ಬಂದ ಪರಮಣ್ಣನಿಗೆ ಎದುರಿನ ಅಂಗಳ ಕಂಡಿತು. ಮಗಳನ್ನು ಚೆನ್ನಾಗಿದ್ದೀಯಾ ಎಂದು ಕೇಳಲಿಲ್ಲ. ಅಲ್ಲಿಂದಲೇ ಕೂಗಿದ:

"ಏ ಬೂದೆಮ್ಮಾ! ಕುಡಿಯೋದು ಅಲ್ಲೇ ಕುಡೀರಿ, ಕೈಕಾಲು ಮಾತ್ರ ಅಲ್ಲಿ ತೊಳಿಬ್ಯಾಡ್ರಿ. ನೀರು ಇಸಗೊಂಡು ಬಂದು ನಮ್ಮ ಬಚ್ಚಲದಾಗ ತೊಳೀರಿ!"

ಉಪನ್ಯಾಸಕರು ಮೆಚ್ಚಿ ತಲೆದೂಗಿದರು. ರಜಿಯಾ ಬೇಗಂ ಒಳಗೆ ಹೋಗಿ ಇನ್ನೊಂದು ಚಂಬು ತುಂಬಿ ತಂದು ಬೂದೆಮ್ಮನ ಕೈಗಿಟ್ಟಳು.

ಬೂದೆಮ್ಮ ರಜಿಯಾಳ ಅಂಗಳದಲ್ಲೇ ಮೋರಿಯ ಕಡೆಗೆ ಇಳಿಜಾರಾಗಿದ್ದ ಜಾಗ ಹುಡುಕಿ ಮಗಳನ್ನು ನಿಲ್ಲಿಸಿದಳು. ಆಮೇಲೆ ಗಂಡನ ಮುಖವನ್ನೇ ನೋಡುತ್ತ, ಒಂಚೂರೂ ಅವಸರವಿಲ್ಲದೆ, ಇಡೀ ಚಂಬನ್ನು ಅವಳ ಕಾಲ ಮೇಲೆ ಸುರಿದಳು.